ಓಗೊಡುವ ಮನೆ

ಕೂಗುವವರು ಒಬ್ಬರಾದರೆ ಓಗೊಡುವವರು ಇನ್ನೊಬ್ಬರು. ಕನ್ನಡದ ‘ಓಗೊಡು’ ಎಂಬ ಕ್ರಿಯಾಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ‘ಓ’ ಎಂಬ ದನಿಯೂ ‘ಕೊಡು’ ಎಂಬ ಧಾತುವೂ ಕಾಣುತ್ತವೆ. ಮರಾಠಿಯಲ್ಲಿಯೂ ಹಾಗೆಯೇ, ‘ಹಾಕೇಲಾ ಓ ದೇಣೆ’ ಎಂದರೆ ಕೂಗಿಗೆ ಓ ಕೊಡುವುದು. ಕುಲ ಬೇರೆಯಾದ ಎರಡು ಭಾಷೆಗಳು ನೂರಾರು ವರ್ಷ ಒಂದೇ ಅಂಗಳದಲ್ಲಿ ಬಾಳಿದ ಕಾರಣವೋ ಏನೋ, ಉತ್ತರಿಸುವ ಕ್ರಿಯೆಯನ್ನು ಎರಡೂ ಕೊಡುಗೆಯೆಂದೇ ಎಣಿಸಿವೆ. ಕರೆಯುವವನು ಏನನ್ನೋ ಬೇಡುತ್ತಾನೆ. ಓಗೊಡುವವನು ತನ್ನ ಹೊತ್ತನ್ನೂ ಗಮನವನ್ನೂ ಕೊಡುತ್ತಾನೆ.

ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಈ ಎರಡು ಪಾತ್ರಗಳಿವೆ. ಇಂದಿನ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲು ಹಗಲಿರುಳು ಯಾವುದೋ ದೂರದ ಯಂತ್ರವನ್ನು ಕರೆಯುತ್ತಲೇ ಇರುತ್ತದೆ. ದೂರವಾಣಿಯಾಗಿ ಅದು ಪರರ ಕರೆಯನ್ನು ಸ್ವೀಕರಿಸುತ್ತದೆ, ನಿಜ. ಆದರೆ ಗಣಕವಾಗಿ ಸ್ವೀಕರಿಸುವುದಿಲ್ಲ. ಅದರೊಳಗಿನ ಒಂದು ಕಡತವನ್ನು ಓದಲು ಹೊರಗಿನವರು ನೇರವಾಗಿ ಅದರ ಬಾಗಿಲಿಗೆ ಬರುವ ದಾರಿಯಿಲ್ಲ; ಮಧ್ಯದ ಕಂಪನಿಯೊಂದರ ಕಟ್ಟಡವನ್ನು ಹಾದೇ ಬರಬೇಕು. ಸ್ಥಿತಿ ಮೊದಲಿನಿಂದಲೂ ಹೀಗಿರಲಿಲ್ಲ. 1978ರಿಂದ 1990ರ ದಶಕದ ನಡುವಿನವರೆಗೆ ಸಾವಿರಾರು ಮನೆಗಳು, ಹೆಚ್ಚಾಗಿ ಅಮೆರಿಕದಲ್ಲಿ, ತಮ್ಮ ಗಣಕವನ್ನು ದೂರವಾಣಿ ತಂತಿಗೆ ಜೋಡಿಸಿ, ಯಾರು ಕರೆದರೂ ಓಗೊಡುವಂತೆ ಅಣಿಗೊಳಿಸಿದ್ದವು. ಆ ಪದ್ಧತಿಯ ಯಂತ್ರಗಳು ಹಳೆಯವಾದವು. ಅದರ ಹಿಂದಿದ್ದ ಗೃಹಸ್ಥಧರ್ಮ ಹಳೆಯದಾಗಿಲ್ಲ. ಸಂಖ್ಯೆಯಲ್ಲಿ ಚಿಕ್ಕದಾದ, ರಾಜ್ಯದ ಆಸರೆ ಕಡಿಮೆಯಿರುವ ಭಾಷಿಕ ಸಮುದಾಯಗಳು ಅದನ್ನು ಮರಳಿ ಅರಿಯುವುದು ಅಗತ್ಯವಾಗಿದೆ.

ಮೊದಲು ಯಂತ್ರದ ಬಗೆಯನ್ನು ತಿಳಿಯಬೇಕು. ದೂರವಾಣಿಯ ತಂತಿ ಮನುಷ್ಯನ ದನಿಗಾಗಿ ಹಾಕಿದ್ದು. ಗಣಕದ ಒಂದು ಮತ್ತು ಸೊನ್ನೆಗಳು ಅದರಲ್ಲಿ ಹರಿಯಬೇಕಾದರೆ ಅವು ದನಿಯಾಗಿ ಮಾರ್ಪಡಬೇಕು. ಈ ಕೆಲಸವನ್ನು ಮಾಡುವ ಪೆಟ್ಟಿಗೆಯೇ ಮೋಡೆಮ್. ಅಮೆರಿಕದ ಬೆಲ್ ಸಂಸ್ಥೆ 1960ರ ದಶಕದ ಆರಂಭದಲ್ಲಿ ರೂಪಿಸಿದ 103 ಎಂಬ ಮಾದರಿಯಲ್ಲಿ ಕರೆಯುವ ಯಂತ್ರಕ್ಕೆ ಎರಡು ಸ್ವರಗಳು, ಓಗೊಡುವ ಯಂತ್ರಕ್ಕೆ ಬೇರೆ ಎರಡು ಸ್ವರಗಳು ಗೊತ್ತಾಗಿದ್ದವು. ಕರೆಯುವ ಕಡೆಯಿಂದ 1070 ಮತ್ತು 1270 ಹರ್ಟ್ಸ್. ಓಗೊಡುವ ಕಡೆಯಿಂದ 2025 ಮತ್ತು 2225 ಹರ್ಟ್ಸ್. ಹೀಗೆ ಸ್ವರ ಬೇರೆಯಾದ್ದರಿಂದಲೇ ಒಂದೇ ತಂತಿಯಲ್ಲಿ ಇಬ್ಬರೂ ಏಕಕಾಲಕ್ಕೆ ಮಾತನಾಡಬಹುದಾಗಿತ್ತು. ಮೊದಲು ದನಿಯೆತ್ತುವುದು ಓಗೊಡುವ ಯಂತ್ರ. ಅದರ ಎತ್ತರದ ಸ್ವರವನ್ನು ಕೇಳಿದ ಬಳಿಕವೇ ಕರೆದ ಯಂತ್ರ ತನ್ನ ತಗ್ಗಿನ ಸ್ವರದಲ್ಲಿ ಮಾತು ಆರಂಭಿಸುತ್ತಿತ್ತು. ವೇಗ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಅಕ್ಷರ. ಎರಡು ಸಾವಿರ ರೋಮನ್ ಅಕ್ಷರಗಳ ಒಂದು ಪುಟ ತೆರೆಯ ಮೇಲೆ ಮೂಡಲು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಈ ಪೆಟ್ಟಿಗೆಯನ್ನು ತಂತಿಗೆ ಜೋಡಿಸುವ ಹಕ್ಕು ಸಾಮಾನ್ಯ ಗೃಹಸ್ಥನಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಅಮೆರಿಕದ ದೂರವಾಣಿ ಸಂಸ್ಥೆ ತನ್ನ ತಂತಿಗೆ ತನ್ನದಲ್ಲದ ಯಾವ ಉಪಕರಣವನ್ನೂ ಜೋಡಿಸಲು ಬಿಡುತ್ತಿರಲಿಲ್ಲ. 1968ರಲ್ಲಿ ಅಲ್ಲಿಯ ಸಂಪರ್ಕ ಆಯೋಗ ಕಾರ್ಟರ್‌ಫೋನ್ ಎಂಬ ಉಪಕರಣದ ಪ್ರಕರಣದಲ್ಲಿ ಆ ನಿರ್ಬಂಧವನ್ನು ತಳ್ಳಿಹಾಕಿತು. ಅದಕ್ಕೆ ಮುಂಚೆ, ಅನಂತರವೂ ಕೆಲವು ವರ್ಷ, ಮೋಡೆಮ್ ಬಳಸುವವರು ದೂರವಾಣಿಯ ರಿಸೀವರನ್ನು ಎತ್ತಿ ಎರಡು ರಬ್ಬರ್ ಬಟ್ಟಲುಗಳ ಮೇಲೆ ಮಲಗಿಸುತ್ತಿದ್ದರು. ಕರೆಯುವವನಿಗೆ ಇಷ್ಟು ಸಾಕು, ಅವನು ಯಂತ್ರದ ಎದುರಿಗೇ ಕುಳಿತಿರುತ್ತಾನೆ. ಓಗೊಡುವವನಿಗೆ ಸಾಲದು. ಗಂಟೆ ಬಾರಿಸಿದಾಗಲೆಲ್ಲ ರಿಸೀವರ್ ಎತ್ತಿ ಮಲಗಿಸಲು ಒಬ್ಬ ಮನುಷ್ಯ ಹಗಲಿರುಳು ಕಾದಿರಬೇಕಾಗುತ್ತದೆ. ತಂತಿಗೆ ನೇರವಾಗಿ ಜೋಡಿಸುವ ಹಕ್ಕು ಬಂದ ಮೇಲೆಯೇ ಯಂತ್ರ ತಾನಾಗಿ ಓಗೊಡುವುದು ಸಾಧ್ಯವಾಯಿತು. ಕಾನೂನಿನ ಒಂದು ತೀರ್ಪು ಮನೆಯ ಬಾಗಿಲಿಗೆ ಅಗಳಿಯಾಗಬಹುದು, ಕೀಲಿಕೈಯೂ ಆಗಬಹುದು ಎಂಬುದಕ್ಕೆ ಇದು ನಿದರ್ಶನ.

1978ರ ಜನವರಿಯಲ್ಲಿ ಷಿಕಾಗೋ ನಗರ ಹಿಮದಲ್ಲಿ ಹೂತುಹೋಗಿತ್ತು. ವಾರ್ಡ್ ಕ್ರಿಸ್ಟೆನ್ಸನ್ ಎಂಬ ಐಬಿಎಂ ಉದ್ಯೋಗಿ ಮನೆಯಿಂದ ಹೊರಬೀಳಲಾಗದೆ ಗೆಳೆಯ ರ‍್ಯಾಂಡಿ ಸೂಸ್ ಅವರಿಗೆ ಕರೆ ಮಾಡಿದರು. ಇಬ್ಬರೂ ಆ ಊರಿನ ಗಣಕ ಹವ್ಯಾಸಿಗಳ ಸಂಘದ ಸದಸ್ಯರು. ಸಂಘದ ಸಭೆಯಲ್ಲಿ ಒಂದು ಬಿರಡೆಯ ಹಲಗೆ ಇರುತ್ತಿತ್ತು. ಸದಸ್ಯರು ತಮ್ಮ ಬೇಡಿಕೆ, ಸುದ್ದಿಗಳನ್ನು ಚೀಟಿಯಲ್ಲಿ ಬರೆದು ಅದಕ್ಕೆ ಚುಚ್ಚುತ್ತಿದ್ದರು. ಆ ಹಲಗೆಯನ್ನೇ ಗಣಕದೊಳಗೆ ಇಟ್ಟು, ಯಾರಾದರೂ ಮನೆಯಿಂದಲೇ ದೂರವಾಣಿಯ ಮೂಲಕ ಓದುವಂತೆ, ಬರೆಯುವಂತೆ ಮಾಡಿದರೆ ಹೇಗೆ ಎಂಬುದು ಅವರ ವಿಚಾರ. ಸಮಿತಿ ರಚಿಸಿದರೆ ಕೆಲಸ ಎಳೆಯುತ್ತದೆಂದು ಇಬ್ಬರೇ ಕೈಹಾಕಿದರು. ಕ್ರಿಸ್ಟೆನ್ಸನ್ ತಂತ್ರಾಂಶ ಬರೆದರು, ಸೂಸ್ ಯಂತ್ರ ಕಟ್ಟಿದರು. 1978ರ ಫೆಬ್ರುವರಿ 16ರಂದು ಅದು ಸಾರ್ವಜನಿಕವಾಗಿ ತೆರೆದುಕೊಂಡಿತು. ಅದರ ಹೆಸರು ಸಿಬಿಬಿಎಸ್, ಗಣಕೀಕೃತ ಸೂಚನಾಫಲಕ.

ಯಂತ್ರವನ್ನು ಯಾರ ಮನೆಯಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಗಮನಾರ್ಹ. ಕ್ರಿಸ್ಟೆನ್ಸನ್ ಅವರ ಮನೆ ಹೊರವಲಯದಲ್ಲಿತ್ತು. ಸೂಸ್ ಅವರ ಮನೆ ನಗರದೊಳಗೆ. ನಗರದ ಜನರಿಗೆ ಸ್ಥಳೀಯ ಕರೆಯ ದರದಲ್ಲಿ ಸಿಗಬೇಕೆಂಬ ಕಾರಣಕ್ಕೆ ಯಂತ್ರ ಸೂಸ್ ಅವರ ಮನೆಯಲ್ಲಿಯೇ ನೆಲೆಸಿತು. ತೋರಿಕೆಗೆ ಇದು ಸಣ್ಣ ಲೆಕ್ಕ. ಆದರೆ ಬರುವವನ ಖರ್ಚನ್ನು ಮೊದಲು ಎಣಿಸುವುದು, ತನ್ನ ಅನುಕೂಲವನ್ನು ಆಮೇಲೆ ಎಣಿಸುವುದು ಆತಿಥೇಯನ ಲಕ್ಷಣ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಪಡಸಾಲೆಯನ್ನು ಬೀದಿಯ ಕಡೆಗೆ ಕಟ್ಟುತ್ತಿದ್ದುದರ ಹಿಂದೆಯೂ ಇದೇ ವಿವೇಕವಿತ್ತು.

ಆ ಯಂತ್ರಕ್ಕೆ ಒಂದೇ ತಂತಿ. ಒಂದು ಹೊತ್ತಿಗೆ ಒಬ್ಬರೇ ಬರಬಹುದು. ಉಳಿದವರಿಗೆ ಗೊಗ್ಗರು ದನಿ. ಗಂಟೆ ಬಾರಿಸಿದಾಗ ಯಂತ್ರ ಎಚ್ಚೆತ್ತು, ಫ್ಲಾಪಿಯಿಂದ ತಂತ್ರಾಂಶವನ್ನು ಎತ್ತಿಕೊಂಡು, ಬಂದವರನ್ನು ಹೆಸರು ಕೇಳಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಬಂದವನು ಹಿಂದಿನವರು ಬರೆದಿಟ್ಟುದನ್ನು ಓದಿ, ತನ್ನ ಮಾತೊಂದನ್ನು ಸೇರಿಸಿ, ಹೊರಡಬೇಕು. ಹೊರಗೆ ಇನ್ನೊಬ್ಬ ಕಾಯುತ್ತಿರುತ್ತಾನೆ ಎಂಬ ಅರಿವು ಅವನಿಗಿರುತ್ತಿತ್ತು. ಆ ಯಂತ್ರ ನಿವೃತ್ತವಾಗುವ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಕರೆಗಳಿಗೆ ಓಗೊಟ್ಟಿತ್ತು. ಅದೇ 1978ರ ನವೆಂಬರಿನ ‘ಬೈಟ್’ ಪತ್ರಿಕೆಯಲ್ಲಿ ಇಬ್ಬರೂ ತಮ್ಮ ಯಂತ್ರದ ರಚನೆಯನ್ನು ಬಿಚ್ಚಿಟ್ಟು ಬರೆದರು. ಕಡತಗಳನ್ನು ತಪ್ಪಿಲ್ಲದೆ ಸಾಗಿಸಲು ಕ್ರಿಸ್ಟೆನ್ಸನ್ 1977ರಲ್ಲಿಯೇ ರೂಪಿಸಿದ್ದ ಪದ್ಧತಿ ಎಕ್ಸ್‌ಮೋಡೆಮ್ ಎಂದು ಹೆಸರಾಯಿತು. ಅದು ಕಡತವನ್ನು 128 ಬೈಟುಗಳ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ತಾಳೆಯಂಕಿ ಕೂಡಿಸಿ ಕಳಿಸುತ್ತಿತ್ತು; ತಾಳೆಯಾಗದ ತುಂಡನ್ನು ಮತ್ತೆ ಕೇಳಿ ಪಡೆಯುತ್ತಿತ್ತು. ಇದನ್ನೂ ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ನೋಡಿದವರು ತಾವೂ ಕಟ್ಟಿದರು. ಹಬ್ಬಿದ್ದು ಹೀಗೆ.

1981ರಲ್ಲಿ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ಬಂದ ಮೇಲೆ ಮನೆಗಣಕವನ್ನು ಓಗೊಡುವಂತೆ ಮಾಡುವುದು ಇನ್ನೂ ಸರಳವಾಯಿತು. ಅದರೊಳಗೆ ‘ಎಸ್ ಸೊನ್ನೆ’ ಎಂಬ ಒಂದು ನೆನಪಿನ ಮನೆಯಿದೆ. ಅಲ್ಲಿ ಸೊನ್ನೆ ಬರೆದರೆ ಮೋಡೆಮ್ ಯಾವ ಕರೆಗೂ ತಾನಾಗಿ ಓಗೊಡುವುದಿಲ್ಲ. ಒಂದು ಬರೆದರೆ ಮೊದಲ ಗಂಟೆಗೇ ಓಗೊಡುತ್ತದೆ. ಮೂರು ಬರೆದರೆ ಮೂರನೆಯ ಗಂಟೆಗೆ. ಕರೆಯುವ ಯಂತ್ರಕ್ಕೂ ಓಗೊಡುವ ಯಂತ್ರಕ್ಕೂ ಇದ್ದ ವ್ಯತ್ಯಾಸ ಇಷ್ಟೇ, ಒಂದು ಅಂಕಿ. ಅದೇ ಪೆಟ್ಟಿಗೆ, ಅದೇ ತಂತಿ, ಅದೇ ಬೆಲೆ. ಬಡಗಿ ಮಾಡಿದ ಬಾಗಿಲು ಒಳಗೂ ಹೊರಗೂ ತೆರೆಯುವಂತಿತ್ತು. ಯಾವ ಕಡೆಗೆ ತೆರೆಯಬೇಕೆಂಬುದು ಮನೆಯವರಿಗೆ ಬಿಟ್ಟ ಮಾತಾಗಿತ್ತು.

ಒಂಟಿ ಮನೆಗಳು ಒಂದಕ್ಕೊಂದು ಕೂಡಿಕೊಂಡ ಬಗೆ ಇನ್ನೂ ಚೆಲುವಾದುದು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ತಮ್ಮ ಫಲಕವನ್ನು ಬಾಲ್ಟಿಮೋರಿನ ಜಾನ್ ಮ್ಯಾಡಿಲ್ ಅವರ ಫಲಕದೊಂದಿಗೆ ಜೋಡಿಸಿದರು. ಎರಡು ಊರುಗಳು ದೇಶದ ಎರಡು ಅಂಚಿನಲ್ಲಿವೆ. ಹಗಲಿನ ದೂರದ ಕರೆ ದುಬಾರಿ. ಆದ್ದರಿಂದ ದರ ಇಳಿದ ನಡುರಾತ್ರಿಯ ಬಳಿಕ ಒಂದು ಗಂಟೆಯ ಕಾಲ ಫಲಕಗಳು ಸಾರ್ವಜನಿಕರಿಗೆ ಬಾಗಿಲು ಹಾಕಿ, ತಮ್ಮತಮ್ಮೊಳಗೆ ಪತ್ರ ವಿನಿಮಯ ಮಾಡಿಕೊಳ್ಳುತ್ತಿದ್ದವು. ಇದೇ ಫಿಡೋನೆಟ್. ಒಂದೂರಿನಲ್ಲಿ ಬರೆದ ಪತ್ರ ಮನೆಯಿಂದ ಮನೆಗೆ ಹಾರುತ್ತ ಕೆಲವು ದಿನಗಳಲ್ಲಿ ದೂರದೂರು ತಲುಪುತ್ತಿತ್ತು. ದೂರದ ಕರೆಯ ಖರ್ಚನ್ನು ಫಲಕದ ಯಜಮಾನರೇ ಹೊರುತ್ತಿದ್ದರು, ಇಲ್ಲವೇ ಹಂಚಿಕೊಳ್ಳುತ್ತಿದ್ದರು. 1990ರ ದಶಕದ ನಡುವೆ ಈ ಜಾಲದಲ್ಲಿ 30,000ಕ್ಕೂ ಹೆಚ್ಚು ನೆಲೆಗಳಿದ್ದವು. ಅದರ ನಡವಳಿಕೆಯ ನಿಯಮದ ಸಾರವೂ ಎರಡೇ ಮಾತು: ಪರರನ್ನು ಅತಿಯಾಗಿ ಕಾಡಬಾರದು, ತಾನು ಸಣ್ಣದಕ್ಕೆ ಸಿಡುಕಬಾರದು. ಭಾರತದಲ್ಲಿಯೂ ರಾತ್ರಿ ದರ ಇಳಿದ ಮೇಲೆ ಎಸ್‌ಟಿಡಿ ಬೂತುಗಳ ಮುಂದೆ ಸಾಲು ನಿಂತವರಿಗೆ ಈ ನಡುರಾತ್ರಿಯ ಲೆಕ್ಕ ತಟ್ಟನೆ ಅರ್ಥವಾದೀತು.

ಬರಬರುತ್ತ ಈ ಸೌಲಭ್ಯ ಸಾಮಾನ್ಯ ಮನೆಗಣಕದೊಳಗೇ ಬಂದಿತು. ವಿಂಡೋಸ್ 98ರಲ್ಲಿ ಡಯಲ್-ಅಪ್ ಸರ್ವರ್ ಎಂಬ ಒಂದು ಕಿಟಕಿಯಿತ್ತು. ಅದರಲ್ಲಿ ಎರಡು ಆಯ್ಕೆಗಳು: ಕರೆದವರಿಗೆ ಪ್ರವೇಶವಿಲ್ಲ, ಕರೆದವರಿಗೆ ಪ್ರವೇಶವಿದೆ. ಎರಡನೆಯದನ್ನು ಆರಿಸಿ, ಗುಪ್ತಪದವೊಂದನ್ನು ಗೊತ್ತುಮಾಡಿ, ಯಾವ ಕಡತಕೋಶವನ್ನು ಹಂಚಬೇಕೆಂದು ಸೂಚಿಸಿದರೆ ಮುಗಿಯಿತು. ಪರವೂರಿಗೆ ಹೋದ ಮನೆಯೊಡೆಯ ಅಲ್ಲಿಂದ ತನ್ನ ಮನೆಯ ಸಂಖ್ಯೆಗೆ ಕರೆ ಮಾಡಿ, ಮರೆತುಬಂದ ಕಡತವನ್ನು ತರಿಸಿಕೊಳ್ಳಬಹುದಾಗಿತ್ತು. ಕಚೇರಿಗಳಿಗಾಗಿದ್ದ ವಿಂಡೋಸ್ ಎನ್‌ಟಿಯಲ್ಲಿ ಇನ್ನೊಂದು ಜಾಣ್ಮೆಯಿತ್ತು. ಕರೆದವರ ಗುಪ್ತಪದವನ್ನು ತಾಳೆನೋಡಿದ ಬಳಿಕ ಯಂತ್ರ ಕರೆಯನ್ನು ಕಡಿದು, ತನ್ನಲ್ಲಿ ಮೊದಲೇ ಬರೆದಿಟ್ಟ ಸಂಖ್ಯೆಗೆ ತಾನೇ ತಿರುಗಿ ಕರೆ ಮಾಡುತ್ತಿತ್ತು. ಗುಪ್ತಪದ ಕದ್ದವನಿಗೆ ಗೊತ್ತಾದ ಮನೆಯ ದೂರವಾಣಿಯನ್ನು ಕದಿಯಲಾಗುವುದಿಲ್ಲ. ಬಾಗಿಲು ತೆರೆದಿಡುವುದೆಂದರೆ ಕಾವಲಿಲ್ಲದೆ ಬಿಡುವುದೆಂದಲ್ಲ ಎಂಬುದನ್ನು ಆ ಕಾಲದವರು ಚೆನ್ನಾಗಿ ತಿಳಿದಿದ್ದರು.

ಆದರೆ ಅದೇ 1998ರಲ್ಲಿ ಬಂದ ಮೋಡೆಮಿನ ಹೊಸ ಮಾನಕ ಈ ಸಮತೆಯನ್ನು ಕದಡಿತು. ವಿ.90 ಎಂಬ ಆ ಮಾನಕ ಸೆಕೆಂಡಿಗೆ 56,000 ಬಿಟ್‌ಗಳ ವೇಗವನ್ನು ಸಾರಿತು. ಆ ವೇಗ ಸಿಗುತ್ತಿದ್ದುದು ಒಂದೇ ದಿಕ್ಕಿಗೆ, ಅದೂ ಓಗೊಡುವ ಕಡೆಯಲ್ಲಿ ದೂರವಾಣಿ ಕೇಂದ್ರಕ್ಕೆ ಡಿಜಿಟಲ್ ತಂತಿಯಿಂದ ನೇರವಾಗಿ ಜೋಡಿಸಿಕೊಂಡ ಕಂಪನಿಯಿದ್ದಾಗ ಮಾತ್ರ. ಒಂದು ಮನೆ ಇನ್ನೊಂದು ಮನೆಯನ್ನು ಕರೆದರೆ ವೇಗ 33,600ಕ್ಕೆ ನಿಲ್ಲುತ್ತಿತ್ತು. ಅಂಗಡಿಯಿಂದ ತಂದ ಹೊಸ ಪೆಟ್ಟಿಗೆ ಕಂಪನಿಯನ್ನು ಕರೆಯಲು ವೇಗಶಾಲಿ, ನೆರೆಮನೆಗೆ ಓಗೊಡಲು ಹಳೆಯ ವೇಗದ್ದೇ. ಅದರ ಹಿಂದೆ ಬಂದ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡಿನ ಹೆಸರಿನ ಮೊದಲಕ್ಷರದಲ್ಲಿಯೇ ಅಸಮತೆ ಅಡಗಿದೆ: ತರಿಸಿಕೊಳ್ಳುವ ಹಾದಿ ಅಗಲ, ಕಳಿಸುವ ಹಾದಿ ಇಕ್ಕಟ್ಟು. ಕಡೆಗೆ ಮನೆಯ ವಿಳಾಸವೇ ಹೋಯಿತು. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದು ಸುಮಾರು 430 ಕೋಟಿ ಸಂಖ್ಯೆಗಳು. ಅವು ಸಾಲದಾದಾಗ ಸಂಸ್ಥೆಗಳು ಅನೇಕ ಮನೆಗಳನ್ನು ಒಂದೇ ಸಂಖ್ಯೆಯ ಹಿಂದೆ ನಿಲ್ಲಿಸಿದವು. ಹೀಗೆ ಸಂಖ್ಯೆ ಹಂಚಿಕೊಂಡ ಮನೆ ಹೊರಗೆ ಕರೆಯಬಹುದು. ಅದನ್ನು ಹೊರಗಿನವರು ಹೆಸರಿಟ್ಟು ಕರೆಯಲಾರರು. ಯಾರೂ ಇದನ್ನು ಆದೇಶದ ಮೂಲಕ ನಿಷೇಧಿಸಲಿಲ್ಲ. ಒಂದೊಂದು ಅನುಕೂಲದ ಬೆನ್ನಿಗೆ ಒಂದೊಂದು ಅಂಗುಲದಂತೆ ಬಾಗಿಲು ಮುಚ್ಚಿಕೊಂಡಿತು.

ಭಾರತದ ಮನೆಗಳಿಗೆ ಈ ಓಗೊಡುವ ಯುಗ ಹೆಚ್ಚು ಒದಗಲಿಲ್ಲ. ಕಾರಣಗಳು ಸ್ಪಷ್ಟವಾಗಿವೆ. 1885ರ ಟೆಲಿಗ್ರಾಫ್ ಕಾಯಿದೆ ತಂತಿಯ ಮೇಲಿನ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. 1990ರ ದಶಕದ ಮೊದಲ ಭಾಗದಲ್ಲಿ ಸೂಚನಾಫಲಕಗಳನ್ನು ನಡೆಸುವವರ ಮೇಲೆ ಲಕ್ಷಾಂತರ ರೂಪಾಯಿ ಪರವಾನಗಿ ಶುಲ್ಕ ಹೇರಲು ಮುಂದಾದ ದೂರಸಂಪರ್ಕ ಇಲಾಖೆಗೆ ಆಸಕ್ತರು ಪ್ರತಿಭಟನೆಯನ್ನೂ ಸಲ್ಲಿಸಿದ್ದರು. ಮನೆಗೆ ದೂರವಾಣಿ ಬರಲು ವರ್ಷಗಟ್ಟಲೆ ಕಾಯಬೇಕಾಗಿದ್ದ ದೇಶದಲ್ಲಿ ಎರಡನೆಯ ತಂತಿ ಕನಸಿನ ಮಾತು. ಇನ್ನೊಂದು ಕಾರಣ ಕರೆಯ ದರ. ಅಮೆರಿಕದ ಅನೇಕ ಕಡೆ ತಿಂಗಳ ಬಾಡಿಗೆ ಕೊಟ್ಟರೆ ಸ್ಥಳೀಯ ಕರೆಗೆ ಬೇರೆ ಶುಲ್ಕವಿರಲಿಲ್ಲ. ಗಂಟೆಗಟ್ಟಲೆ ಫಲಕದಲ್ಲಿ ಕುಳಿತರೂ ನಡೆಯುತ್ತಿತ್ತು. ಭಾರತದಲ್ಲಿ ಸ್ಥಳೀಯ ಕರೆಗೂ ಮೀಟರು ಓಡುತ್ತಿತ್ತು. ಗಡಿಯ ಕನ್ನಡಿಗರಿಗಂತೂ ಇನ್ನೊಂದು ತೊಡಕು: ಜತ್ತಿನಿಂದ ವಿಜಯಪುರಕ್ಕೆ ಮಾಡುವ ಕರೆ ಎಸ್‌ಟಿಡಿ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ದಿನವೂ ಓಡಾಡುವ ಊರು ದೂರವಾಣಿಯ ಲೆಕ್ಕದಲ್ಲಿ ದೂರದೇಶ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕ ಅಂತರಜಾಲ ಸೇವೆ ಆರಂಭಿಸಿದಾಗ ಭಾರತದ ಮನೆಗಣಕ ಮೋಡೆಮ್ ಹಾಕಿಕೊಂಡಿತು, ನಿಜ. ಆದರೆ ಅದು ಹುಟ್ಟಿನಿಂದಲೇ ಕರೆಯುವ ಯಂತ್ರವಾಗಿತ್ತು. ಓಗೊಡುವ ಅಭ್ಯಾಸ ಅದಕ್ಕೆ ಆಗಲೇ ಇಲ್ಲ.

ಲಿಪಿಯ ತೊಡಕು ಬೇರೆ. ಆ ಕಾಲದ ಫಲಕಗಳು ಆಸ್ಕಿ ಎಂಬ ಸಂಕೇತಮಾಲೆಯನ್ನು ಬಳಸುತ್ತಿದ್ದವು. ಅದರಲ್ಲಿ 128 ಸ್ಥಾನಗಳು. ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಒಂದು ಸ್ಥಾನವೂ ಇಲ್ಲ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಮಾನಕ 1991ರಲ್ಲಿ ಸ್ಥಿರರೂಪ ಪಡೆಯಿತು. ಅದರಲ್ಲಿ ಕನ್ನಡದ ‘ಕ’ ಮತ್ತು ದೇವನಾಗರಿಯ ‘ಕ’ ಎರಡಕ್ಕೂ ಒಂದೇ ಸಂಕೇತ. ಲಿಪಿಯನ್ನು ಬದಲಿಸಿದರೆ ಅದೇ ಬರಹ ಬೇರೆ ಅಕ್ಷರದಲ್ಲಿ ಕಾಣುತ್ತದೆ. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಎರಡು ಲಿಪಿಗಳಿಗೂ ಪ್ರತ್ಯೇಕ ಓಣಿಗಳು ದೊರೆತವು. ಆದರೂ ಮನೆಗಳ ಅನುಕ್ರಮ ಬದಲಾಗಲಿಲ್ಲ. ದೇವನಾಗರಿಯ ಓಣಿಯಲ್ಲಿ ‘ಕ’ ಇರುವ ಎಣಿಕೆಯಲ್ಲಿಯೇ ಕನ್ನಡದ ಓಣಿಯಲ್ಲಿಯೂ ‘ಕ’ ಇದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಶಾಲೆಯಲ್ಲಿ ಎರಡೂ ಅಕ್ಷರಮಾಲೆಗಳನ್ನು ಒಟ್ಟಿಗೆ ತಿದ್ದಿದ ಮಕ್ಕಳಿಗೆ ಇದು ಹೊಸ ಸಂಗತಿಯಲ್ಲ. ಹೀಗೆ ಮಾನಕ ಸಿದ್ಧವಾಗಿದ್ದರೂ ಬಹುಕಾಲ ಕನ್ನಡ ಬರಹ ಒಂದೊಂದು ತಂತ್ರಾಂಶದ ಅಕ್ಷರಶೈಲಿಯೊಳಗೆ ಸೆರೆಯಾಗಿತ್ತು. ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಕನ್ನಡ ಯಾವ ಯಂತ್ರದಿಂದ ಯಾವ ಯಂತ್ರಕ್ಕಾದರೂ ಅಳುಕಿಲ್ಲದೆ ಹರಿಯುವ ಕಾಲ ಬಂದಾಗ ಮನೆಗಳು ಓಗೊಡುವುದನ್ನು ನಿಲ್ಲಿಸಿಯಾಗಿತ್ತು. ಬಂಡಿ ಸಿದ್ಧವಾಗುವ ಹೊತ್ತಿಗೆ ಜಾತ್ರೆ ಮುಗಿದಂತಾಯಿತು.

ಇದಕ್ಕೆಲ್ಲ ಈಗ ಯಾಕೆ ಮರುಗಬೇಕು, ಕಂಪನಿಗಳು ಮನೆಗಿಂತ ಚೆನ್ನಾಗಿಯೇ ಕಾಯುತ್ತಿಲ್ಲವೇ ಎಂಬ ಪ್ರಶ್ನೆ ಸಹಜ. ದಿನದ ಬಳಕೆಗೆ ಅವು ಚೆನ್ನಾಗಿಯೇ ಇವೆ. ತಲೆಮಾರಿನ ಲೆಕ್ಕಕ್ಕೆ ಅವು ನಂಬಿಗಸ್ತವಲ್ಲ. ಜಿಯೋಸಿಟೀಸ್ ತಾಣ 2009ರಲ್ಲಿ ಮುಚ್ಚಿತು. ಭಾರತದಲ್ಲಿ ಅಪಾರ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2020ರಲ್ಲಿ ಕೊನೆಗೊಂಡಿತು. ಅವುಗಳಲ್ಲಿ ಕನ್ನಡಿಗರ ಗುಂಪುಗಳೂ ಇದ್ದವು. ಹತ್ತಾರು ವರ್ಷಗಳ ಚರ್ಚೆಗಳಿದ್ದವು. ಬೀಗ ಹಾಕುವ ಕೈ ಯಾವುದೋ ದೇಶದ್ದು, ಅದರ ಲೆಕ್ಕ ಲಾಭದ್ದು. ಬಾಡಿಗೆಮನೆಯಲ್ಲಿ ಎಷ್ಟೇ ವರ್ಷ ಇದ್ದರೂ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಬೇಕು.

ಓಗೊಡುವ ಮನೆಗಳಿಗೂ ದೋಷಗಳಿದ್ದವು, ಮರೆಮಾಚುವುದು ಸಲ್ಲದು. ಯಜಮಾನ ಬೇಸತ್ತರೆ, ಊರು ಬಿಟ್ಟರೆ, ತೀರಿಕೊಂಡರೆ ಫಲಕವೂ ಅವನೊಂದಿಗೆ ಹೋಗುತ್ತಿತ್ತು. 1998ರಲ್ಲಿ ಜೇಸನ್ ಸ್ಕಾಟ್ ಎಂಬುವರು ಅಂಥ ಫಲಕಗಳ ಬರಹಗಳನ್ನು ಕೂಡಿಡುವ ತಾಣವೊಂದನ್ನು ಆರಂಭಿಸದಿದ್ದರೆ ಉಳಿದಿರುವಷ್ಟೂ ಉಳಿಯುತ್ತಿರಲಿಲ್ಲ. ಯಜಮಾನನಿಗೆ ಅಪಾಯವೂ ಇತ್ತು. 1990ರ ಮಾರ್ಚಿನಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ ಟೆಕ್ಸಾಸಿನ ಆಸ್ಟಿನ್ ನಗರದ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಪ್ರಕಾಶನದ ಮೇಲೆ ದಾಳಿ ಮಾಡಿ, ಅದರ ಸೂಚನಾಫಲಕದ ಗಣಕವನ್ನೂ ಅದರೊಳಗಿದ್ದ ಓದದ ಖಾಸಗಿ ಪತ್ರಗಳನ್ನೂ ಹೊತ್ತೊಯ್ದಿತು. 1993ರಲ್ಲಿ ನ್ಯಾಯಾಲಯ ಪ್ರಕಾಶನದ ಪರವಾಗಿ ತೀರ್ಪಿತ್ತು ಪರಿಹಾರ ಕೊಡಿಸಿತು. ಪರರ ಮಾತನ್ನು ತನ್ನ ಮನೆಯಲ್ಲಿ ಕಾಪಿಡುವವನು ಅದಕ್ಕೆ ಹೊಣೆಯಾಗಬೇಕಾಗುತ್ತದೆ. ಈ ಹೊಣೆಯ ಭಯವೇ ಅನೇಕರನ್ನು ಕಂಪನಿಗಳ ನೆರಳಿಗೆ ದೂಡಿತು ಎಂದರೂ ತಪ್ಪಾಗದು. ಆದರೆ ಹೊಣೆಯಿಲ್ಲದ ಒಡೆತನ ಎಲ್ಲಿಯೂ ಇಲ್ಲ. ಹೊಣೆ ಬೇಡವೆಂದವರು ಒಡೆತನವನ್ನೂ ಬಿಟ್ಟುಕೊಟ್ಟಂತೆಯೇ.

ಗಡಿಯಾಚೆಯ ಕನ್ನಡ ಸಮುದಾಯಗಳಿಗೆ ಈ ಚರಿತ್ರೆಯಿಂದ ಸಿಗುವ ಪಾಠ ಬಹಳ ಪ್ರಾಯೋಗಿಕವಾದುದು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳ ಹಳ್ಳಿಗಳಲ್ಲಿ ಕನ್ನಡ ಆಡುತ್ತ ಬದುಕಿದ ಹಿರಿಯರ ತಲೆಮಾರು ಸರಿಯುತ್ತಿದೆ. ಬೀಸುವ ಕಲ್ಲಿನ ಪದಗಳು, ಮೊಹರಮ್ಮಿನ ರಿವಾಯತ್ ಪದಗಳು, ಭಜನಾ ಮಂಡಳಿಗಳ ಕೈಬರಹದ ವಹಿಗಳು, ಬಾಲಭಾರತಿಯ ಹಳೆಯ ಕನ್ನಡ ವಾಚಿಕೆಗಳು, ಖೋಲಿ, ಬಾಂಡೆಗಳಂತಹ ಮಾತುಗಳು ಕನ್ನಡವೇ ಆಗಿಹೋದ ಆಡುನುಡಿಯ ಧ್ವನಿಮುದ್ರಿಕೆಗಳು ಈಗ ಎಲ್ಲಿವೆ? ಕೆಲವು ವಿದ್ಯಾರ್ಥಿಗಳ ಮೊಬೈಲುಗಳಲ್ಲಿ, ಕೆಲವು ವಾಟ್ಸ್‌ಆಪ್ ಗುಂಪುಗಳಲ್ಲಿ. ಮೊಬೈಲು ಬದಲಾದಾಗ ಮೊದಲಿನವು ಹೋಗುತ್ತವೆ. ಗುಂಪು ಒಡೆದಾಗ ಎರಡನೆಯವು. ಕೇಳಲು ಬಂದ ಸಂಶೋಧಕನಿಗೆ ಓಗೊಡುವ ಒಂದು ನೆಲೆ ಇಲ್ಲ. ಕರ್ನಾಟಕದೊಳಗಿನ ಸಂಸ್ಥೆಗಳಿಗೆ ವಿಶ್ವವಿದ್ಯಾಲಯಗಳ, ಅಕಾಡೆಮಿಗಳ ಭಂಡಾರಗಳಿವೆ. ಗಡಿಯ ಕನ್ನಡ ಇಬ್ಬರ ನಡುವಿನ ಕೂಸು. ಅತ್ತಲಿನ ಸರ್ಕಾರಕ್ಕೆ ಅದು ಪರರಾಜ್ಯದ್ದು, ಇತ್ತಲಿನ ಸರ್ಕಾರಕ್ಕೆ ಪರಭಾಷೆಯದ್ದು.

ಆದ್ದರಿಂದ ಪ್ರತಿ ಕನ್ನಡ ವಿಭಾಗವೂ ತನ್ನದೇ ಆದ ಒಂದು ಓಗೊಡುವ ಯಂತ್ರವನ್ನು ಇಟ್ಟುಕೊಳ್ಳುವುದು ಒಳಿತು. ಅದಕ್ಕೆ ದೊಡ್ಡ ಬಂಡವಾಳ ಬೇಡ. ಕಚೇರಿಯಲ್ಲಿ ಮೂಲೆ ಸೇರಿದ ಗಣಕವೊಂದು, ಬೆಲೆಯಿಲ್ಲದೆ ಸಿಗುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅಂತರಜಾಲ ಸಂಸ್ಥೆಯಿಂದ ಪಡೆದ ಒಂದು ಸ್ಥಿರ ವಿಳಾಸ, ವಿದ್ಯುತ್ತು ಹೋದಾಗ ಕಾಯುವ ಬ್ಯಾಟರಿ ಸಾಕು. ಹೊಸ ವಿಳಾಸ ಪದ್ಧತಿಯಾದ ಐಪಿವಿ6ರಲ್ಲಿ ಸಂಖ್ಯೆಗಳಿಗೆ ಬರವಿಲ್ಲ. ಮನೆಮನೆಗೂ ಹೊರಗಿನಿಂದ ಕರೆಯಬಲ್ಲ ವಿಳಾಸ ಕೊಡುವಷ್ಟು ಅವಕಾಶ ಅದರಲ್ಲಿದೆ. ಬರಹವೆಲ್ಲ ಯೂನಿಕೋಡಿನಲ್ಲಿರಬೇಕು, ಅಕ್ಷರಶೈಲಿಯ ಸೆರೆಗೆ ಮತ್ತೊಮ್ಮೆ ಹೋಗಬಾರದು. ಹಾಡಿದ ಹೆಣ್ಣುಮಕ್ಕಳ, ಮಾತಾಡಿದ ಹಿರಿಯರ ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಲೋಕಕ್ಕೆ ತೆರೆಯಬಾರದು. ಹಳೆಯ ಫಲಕಗಳಲ್ಲಿ ಇದ್ದಂತೆ ಕೆಲವು ಕೋಣೆಗಳು ಎಲ್ಲರಿಗೂ, ಕೆಲವು ಗುಪ್ತಪದ ಪಡೆದವರಿಗೆ ಮಾತ್ರ ಇರಲಿ.

ಒಂದೇ ಯಂತ್ರ ಸಾಲದೆಂಬುದನ್ನು ಹಳೆಯ ಫಲಕಗಳ ಅಳಿವೇ ಕಲಿಸಿದೆ. ಸೊಲ್ಲಾಪುರದ ಸಂಗ್ರಹದ ಪ್ರತಿಯೊಂದು ಕಾಸರಗೋಡಿನಲ್ಲಿ, ಕಾಸರಗೋಡಿನದು ಆದೋನಿಯಲ್ಲಿ, ಆದೋನಿಯದು ತಾಳವಾಡಿಯಲ್ಲಿ ಇರಬೇಕು. ಫಿಡೋನೆಟ್ಟಿನ ಯಂತ್ರಗಳಂತೆ ಅವು ರಾತ್ರಿ ಒಂದು ಹೊತ್ತಿಗೆ ಒಂದನ್ನೊಂದು ಕರೆದು, ಹೊಸದಾಗಿ ಸೇರಿದ್ದನ್ನು ಕೊಟ್ಟು ತೆಗೆದುಕೊಳ್ಳಲಿ. ಆಗ ಗಡಿಯ ಕನ್ನಡಗಳು ಮೊದಲ ಬಾರಿಗೆ ಬೆಂಗಳೂರಿನ ಮೂಲಕ ಹಾಯದೆ ನೇರವಾಗಿ ಪರಸ್ಪರ ಮಾತನಾಡಿದಂತಾಗುತ್ತದೆ. ಮಲಯಾಳದ ನೆರೆಯ ಕನ್ನಡ, ಮರಾಠಿಯ ನೆರೆಯ ಕನ್ನಡ, ತೆಲುಗಿನ ನೆರೆಯ ಕನ್ನಡ, ತಮಿಳಿನ ನೆರೆಯ ಕನ್ನಡ ಒಂದೆಡೆ ಕೂಡಿದರೆ ಅದರಿಂದ ಭಾಷಾಧ್ಯಯನಕ್ಕೆ ಸಿಗುವ ಸಾಮಗ್ರಿ ಸಣ್ಣದಲ್ಲ.

ಕಷ್ಟದ ಭಾಗ ಯಂತ್ರದ್ದಲ್ಲ. ದೀಪಾವಳಿಯ ರಜೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು, ಅಧ್ಯಾಪಕರು ನಿವೃತ್ತರಾದಾಗ ಗುಪ್ತಪದ ಯಾರ ಕೈಗೆ ಹೋಗಬೇಕು, ಡಿಸ್ಕು ಕೆಟ್ಟರೆ ಹಣ ಯಾವ ಲೆಕ್ಕದಿಂದ ಬರಬೇಕು ಎಂಬುವು ಕಷ್ಟದ ಪ್ರಶ್ನೆಗಳು. ಷಿಕಾಗೋದ ಆ ಇಬ್ಬರಿಗೆ ಅವುಗಳಿಗೆ ಉತ್ತರ ಸುಲಭವಾಗಿತ್ತು. ಮನೆ ಸೂಸ್ ಅವರದು, ಆದ್ದರಿಂದ ಕಾವಲೂ ಅವರದು. ವಿಭಾಗವೊಂದರಲ್ಲಿ ಇದನ್ನು ಸಭೆಯಲ್ಲಿ ಬರೆದಿಡಬೇಕಾಗುತ್ತದೆ. ಯಂತ್ರ ಕೊಳ್ಳುವ ಠರಾವಿಗೆ ಮುಂಚೆ ಅದನ್ನು ಕಾಯುವ ಇಬ್ಬರ ಹೆಸರು, ಅವರ ತರುವಾಯ ಬರುವವರನ್ನು ಗೊತ್ತುಮಾಡುವ ಬಗೆ ಕಡತದಲ್ಲಿ ಸೇರಬೇಕು. ಅಷ್ಟಾದ ಮೇಲೆ ಎಸ್ ಸೊನ್ನೆಯಲ್ಲಿ ಒಂದು ಬರೆಯುವುದಕ್ಕೆ ಒಂದು ನಿಮಿಷವೂ ಬೇಕಾಗದು.